ಶ್ರಾವಣದ ಮೀನು

“ಹೆಸರು ಹೇಳ್ರಿ ಅಣ್ಣಾರ. ಹೆಸರೊಂದು ಹೇಳಿಬಿಡ್ರಿ, ಸಾಕು. ಮುಂದಿಂದು ನಾ ನೋಡ್ಕೋತೇನಿ.”

ಫಕೀರವ್ವ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಅವಳ ತಾಯಿಯ ಊರುಗೋಲು. ತಾಯಿ ಸತ್ಯವ್ವ ಮಣ್ಣಿಗೆ ಹೋದ ದಿನದಿಂದ ಅದು ಅವಳ ಕೈ ಬಿಟ್ಟಿರಲಿಲ್ಲ. ವೃದ್ಧಾಶ್ರಮದ ಮುದುಕರಿಗೆ ಅನ್ನ ಉಣಿಸುವಾಗಲೂ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದಳು. ಪಾಪ, ಆ ಮುದುಕರು ತುತ್ತು ಬೇಡವೆನ್ನಲಿಕ್ಕೂ ಹೆದರುತ್ತಿದ್ದರು.

“ಮೊದಲ ದಾರಿ ಬಿಡವಾ. ಹೆಸರು ಫ್ರಿಜ್ಜಿನಾಗ ಐತಿ, ತಗೀತೇನಿ,” ಅಂದೆ.

ಹೊಸದಾಗಿ ಓದುವವರಿಗೆ ಇಷ್ಟು ಸಾಕು: ಇಲ್ಲೇ ಗೋವಾದ ಕೆಪೆಯಲ್ಲಿ ಕಟ್ಟಡ ಕುಸಿದು ನಮ್ಮ ಕಡೆಯ ಕೂಲಿಗಳು ಸತ್ತಾಗ ಸತ್ಯವ್ವ ಒಂದು ಕಾಲು ಕಳೆದುಕೊಂಡು ಬದುಕಿದಳು. ಹಸಿ ಸ್ಲ್ಯಾಬಿನ ಕೆಳಗಿನ ಸೆಂಟ್ರಿಂಗ್, ಅಂದರೆ ಅದನ್ನು ಹೊತ್ತ ಹಲಗೆ ಕಂಬ, ಬಿಚ್ಚಲು ಹೇಳಿದವನು ಯಾರೆಂದು ಕೋರ್ಟಿನಲ್ಲಿ ಹೇಳುವ ಮೊದಲೇ, ಮಗಳು ಆಯಾ ಆಗಿದ್ದ ಫಾತೋರ್ಡಾದ ಈ ಆಶ್ರಮದಲ್ಲಿ ಸಕ್ಕರೆ ಕಾಯಿಲೆ ಏರಿ ಸತ್ತಳು. ಅದೂ ದಿನಾ ತಪ್ಪದೆ ಇನ್ಸುಲಿನ್ ಸೂಜಿ ಹಾಕಿಸಿಕೊಳ್ಳುತ್ತಿದ್ದವಳು.

ನಾನು ಅಮೀನಪ್ಪ. ಹುಬ್ಬಳ್ಳಿಯ ಪೊಲೀಸ್ ನೌಕರಿಗೆ ನಮಸ್ಕಾರ ಹೊಡೆದು ಮಡಗಾಂವದಲ್ಲಿ ಪತ್ತೇದಾರನ ಬೋರ್ಡು ಹಾಕಿದವ. ನ್ಯಾಯ ಗೀಯ ಅನ್ನುವ ದೊಡ್ಡ ಮಾತುಗಳು ನನ್ನ ಬಾಯಲ್ಲಿ ನಿಲ್ಲುವುದಿಲ್ಲ. ಸೇಡು ಅಂದರೆ ತಿಳಿಯುತ್ತದೆ. ಸತ್ಯವ್ವ ಸಾಯುವ ಮುನ್ನ ನೀರು ನೀರು ಎಂದು ಕೊಡ ಖಾಲಿ ಮಾಡಿದಳಂತೆ, ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬಂದಿತ್ತಂತೆ. ಅದನ್ನು ಕೇಳಿದಾಗಿನಿಂದ ಈ ಕೆಲಸ ಮಾಡಿದವನ ಕುತ್ತಿಗೆ ನನಗೂ ಬೇಕಾಗಿತ್ತು.

ಫಕೀರವ್ವ ಸರಿದು ನಿಂತಳು. ಒಳಗೆ ಅಡುಗೆಯ ದಸ್ತಗೀರ ಅಕ್ಕಿ ಆರಿಸುತ್ತಿದ್ದ. ಗದಗಿನವನು, ಮಾತು ಕಡಿಮೆ, ಕೈ ಚುರುಕು. ಫ್ರಿಜ್ಜಿನ ಮುಂದೆ ಮೇಟ್ರನ್ ಎಸ್ಪೆರಾನ್ಸಾಬಾಯಿ ನಿಂತಿದ್ದರು. ಕಾರವಾರದಲ್ಲಿ ಶಾಲೆ ಕಲಿತವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಹಾಗೆಂದು ನನ್ನ ಅನುಮಾನದ ಪಟ್ಟಿಯಿಂದ ಅವರನ್ನು ಬಿಟ್ಟಿರಲಿಲ್ಲ.

“ಇದು ನೀವು ನಿನ್ನೆ ಕೊಟ್ಟ ಬಾಟಲಿ,” ಅಂದರು ಮೇಟ್ರನ್. ಸತ್ಯವ್ವನ ಇನ್ಸುಲಿನ್ ಬಾಟಲಿ. ಇಷ್ಟು ದಿನ ಪೊಲೀಸರ ಕಪಾಟಿನಲ್ಲಿದ್ದು, ಕಾಡಿ ಬೇಡಿದ ಮೇಲೆ ನನ್ನ ಕೈಗೆ ಬಂದಿತ್ತು. “ಬೆಳಕಿಗೆ ಹಿಡಿದು ನೋಡಿ ಬಾಬಾ.”

ಕಿಟಕಿಗೆ ಹಿಡಿದೆ. ಒಳಗಿನ ಬಿಳಿ ಮದ್ದು ಒಡೆದ ಹಾಲಿನಂತೆ ಚೂರು ಚೂರಾಗಿತ್ತು. ಗಾಜಿನ ಗೋಡೆಗೂ ಬಿಳಿ ಕಣ ಹತ್ತಿಕೊಂಡಿತ್ತು.

“ಕಾವಿಗೆ ಕೆಟ್ಟೈತಿ ಅಂತ ಡಾಕ್ಟರು ಅಂದಿದ್ರಲ್ರಿ,” ಎಂದಳು ಫಕೀರವ್ವ. “ಯಾಂವೋ ಬೇಕಂತಲೇ ಹೊರಗ ಬಿಸಲಾಗ ಇಟ್ಟಾನು ಅಂದಿದ್ರು.”

“ಡಾಕ್ಟರು ಬಾಟಲಿ ನೋಡಲೇ ಇಲ್ಲ. ಬಾಯಿಗೆ ಬಂದದ್ದು ಹೇಳಿ ಹೋದರು.” ಮೇಟ್ರನ್ ಸೆರಗಿನಡಿಯಿಂದ ಇನ್ನೊಂದು ಬಾಟಲಿ ತೆಗೆದು ಅದರ ಪಕ್ಕಕ್ಕೆ ಹಿಡಿದರು. ಎರಡೂ ಒಂದೇ ಥರ, ಅವಳಿ ಜವಳಿ. “ಇದು ಚೊಕ್ಕ ಹೊಸದು. ನಿನ್ನೆ ಸಂಜೆ ನಾನೇ ಐಸಿನ ಖಾನೆಯಲ್ಲಿ ಇಟ್ಟೆ. ಬೆಳಿಗ್ಗೆ ತೆಗೆದು ಕರಗಿಸಿದೆ. ಸತ್ಯವ್ವನದು ಕಾವಿಗೆ ಕೆಟ್ಟ ಮದ್ದಲ್ಲ. ಹೆಪ್ಪುಗಟ್ಟಿ ಸತ್ತ ಮದ್ದು.”

ನಾವು ಇಷ್ಟು ದಿನ ಬಿಸಿಲು, ಒಲೆ, ಕರೆಂಟು ಅಂತ ತಿಪ್ಪರಲಾಗ ಹಾಕಿದ್ದೇ ಬಂತು. ಸತ್ಯವ್ವನ ಜೀವ ತೆಗೆದದ್ದು ಮಂಜುಗಡ್ಡೆ.

“ಬಾಯಿಯವರೆ, ಇನ್ಸುಲಿನ್ ಎಲ್ಲಿ ಇಡಬೇಕು?”

“ನಡುವಿನ ಖಾನೆಯಲ್ಲಿ. ಬಾಗಿಲಲ್ಲಿ ಬೇಡ, ಬಾಗಿಲು ತೆಗೆದಾಗಲೆಲ್ಲ ಕಾವು ಬಡಿಯುತ್ತದೆ. ಮೇಲೆ ಐಸಿನ ಹತ್ತಿರ ಬೇಡವೇ ಬೇಡ. ಊಟದ ಸಾಮಾನಿನ ಜೊತೆಗೂ ಬೇಡ.” ಅವರ ದನಿ ಕುಗ್ಗಿತು. “ನಮ್ಮಲ್ಲಿ ಮದ್ದಿಗೇ ಬೇರೆ ಫ್ರಿಜ್ ಇತ್ತು. ಬೀಗ ಹಾಕಿ ಕೀಲಿ ನಾನೇ ಇಟ್ಟುಕೊಳ್ಳುತ್ತಿದ್ದೆ. ಶ್ರಾವಣದ ಮೊದಲು ಅದು ಕೆಟ್ಟು ರಿಪೇರಿಗೆ ಹೋಯಿತು. ಅದಕ್ಕೆ ಈ ಅಡುಗೆಮನೆಯ ಫ್ರಿಜ್ಜಿನಲ್ಲಿ ಡಬ್ಬಿ ಮಾಡಿ ಇಡಿಸಿದೆ. ಇದಕ್ಕೆ ಬೀಗ ಇಲ್ಲ.”

“ರಿಪೇರಿಗೆ ಒಯ್ದವರು?”

“ನಿಮ್ಮ ಪಾಂಡಪ್ಪ. ಟೆಂಪೋದಲ್ಲಿ ಹಾಕಿಕೊಂಡು ಹೋದ. ಪುಣ್ಯಾತ್ಮ, ಕೇಳದೇ ಬಂದು ಮಾಡಿದ. ಇನ್ನೂ ತಿರುಗಿ ಬಂದಿಲ್ಲ ಅಷ್ಟೆ.”

ಪಾಂಡಪ್ಪನನ್ನು ಎಲ್ಲರೂ ಬಲ್ಲರು. ಸತ್ಯವ್ವನ ಊರಿನವನೇ, ಕೂಲಿ ಜನರನ್ನು ಗೋವಾಕ್ಕೆ ಕರೆತಂದ ಮುಕಾದಮ. ಕೊರಳಲ್ಲಿ ಲಿಂಗ, ಹಣೆಯಲ್ಲಿ ಮೂರು ಬೆರಳು ವಿಭೂತಿ. ಸತ್ಯವ್ವನಿಗೆ ಮೊದಲು ಹೆಗಲು ಕೊಟ್ಟವನೂ ಅವನೇ. ನಾನು ಆ ಹೆಸರನ್ನು ಕಿವಿಯ ಒಂದು ಮೂಲೆಯಲ್ಲಿ ಇಟ್ಟುಕೊಂಡು ಮುಂದಕ್ಕೆ ಹೋದೆ.

“ಒಂದು ಮಾತು ತಿಳೀವಲ್ದು,” ಅಂದೆ. “ಈ ಆಶ್ರಮದಾಗ ಇನ್ಸುಲಿನ್ ತಗೊಳ್ಳಾವ್ರು ಇನ್ನೂ ಇದ್ದಾರ. ಎಲ್ಲಾರ ಬಾಟಲಿ ಒಂದ ಡಬ್ಬಿಯಾಗ. ಅವ್ರಿಗೆ ಯಾರಿಗೂ ಏನೂ ಆಗಲಿಲ್ಲ. ಸತ್ಯವ್ವಂದೊಂದ ಬಾಟಲಿ ಹ್ಯಾಂಗ ಐಸಗಡ್ಡಿ ಆತು?”

“ಚುಚ್ಚಾವನ್ನ ಕೇಳ್ರಿ!” ಫಕೀರವ್ವ ಕೋಲನ್ನು ನೆಲಕ್ಕೆ ಕುಟ್ಟಿದಳು. “ಆ ನಿಂಗಣ್ಣನ್ನ ಕೇಳ್ರಿ. ಆ ಬಿದ್ದ ಕಟ್ಟಡದ ಕಂತ್ರಾಟದಾರನ ಮಂದಿ ಕೂಡ ಅಂವ ಚಾ ಕುಡಿಯೂದನ್ನ ನೋಡ್ಯಾರ. ನಮ್ಮವ್ವನ ತೋಳಿಗೆ ಇಷ್ಟ್ ದಿನಾ ಸತ್ತ ಮದ್ದು ಏರಿಸಿದಾವ ಅಂವನ!”

“ಚಾ ಕುಡಿಯೂದನ್ನ ನೋಡಿದವರು ಯಾರು?”

“ಪಾಂಡಪ್ಪ ಮಾವಾರು.”

ಆ ಹೆಸರು ಎರಡನೆಯ ಸಲ ಬಂತು.

ಅಷ್ಟರಲ್ಲಿ ಕಾಂಪೌಂಡರ್ ನಿಂಗಣ್ಣನೇ ಬಂದ. ಕರೆಸಿದ್ದು ನಾನೇ. ಕಾಲಿಗೆ ಪಟ್ಟಿ ಕಟ್ಟಿಕೊಂಡು, ಹೊಟ್ಟೆ ಹಿಡಿದುಕೊಂಡು, ಬಸುರಿಯ ಹಾಗೆ ಹೆಜ್ಜೆ ಎಣಿಸುತ್ತ ಬಂದ. ಸತ್ಯವ್ವ ಸತ್ತ ಕೆಲವೇ ದಿನಕ್ಕೆ ಗೇಟಿನ ಬಳಿ ಬೀದಿನಾಯಿ ಅವನನ್ನು ಕಚ್ಚಿತ್ತು. ಸರಕಾರಿ ದವಾಖಾನೆಯಿಂದ ಹುಚ್ಚುನಾಯಿಯ ಮದ್ದು ತಂದು ಇದೇ ಫ್ರಿಜ್ಜಿನಲ್ಲಿಟ್ಟು, ದಿನಕ್ಕೊಂದರಂತೆ ಹದಿನಾಲ್ಕು ಸೂಜಿಯ ಲೆಕ್ಕದಲ್ಲಿ ಹೊಟ್ಟೆಗೆ ಚುಚ್ಚಿಸಿಕೊಳ್ಳುತ್ತಿದ್ದ. ಊರಿಗೆಲ್ಲ ಸೂಜಿ ಚುಚ್ಚುವವನು ತನ್ನ ಸರದಿ ಬಂದಾಗ ಮೇಟ್ರನ್ ಮುಂದೆ ಕೂಸಿನಂತೆ ಅಳುತ್ತಿದ್ದನೆಂದು ದಸ್ತಗೀರ ಹೇಳಿದ್ದ.

“ನಾಯಿ ಹ್ಯಾಂಗೈತೋ?” ಎಂದು ಕೇಳಿದೆ, ಮಾತಿಗೆ ಸುಲಭವಾಗಲಿ ಎಂದು.

“ಅದು ಆ ವಾರದಾಗ ಬಾಯಾಗ ನೊರಿ ಕಾರಿ ಸತ್ತು ಹೋತ್ರಿ. ಹುಚ್ಚನಾಯಿನ ಅದು. ನನ್ನ ದೈವ ಚಲೋ ಇತ್ತು, ಒಂದು ದಿನಾ ಬಿಡದಂಗ ಸೂಜಿ ಮಾಡಿಸ್ಕೊಂಡೇನಿ. ಇಲ್ಲಂದ್ರ ನಾನೂ ನಿಮ್ಮ ಮುಂದ ಬೊಗಳ್ಕೋತ ನಿಂದರ್ತಿದ್ದೆ.”

ಫಕೀರವ್ವ ನಕ್ಕಳು. ತಾಯಿ ಸತ್ತ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ನಗು ನನಗೆ ಹಿತವಾಗಲಿಲ್ಲ. ಆದರೆ ನನ್ನ ತಲೆಯೆಲ್ಲ ನಿಂಗಣ್ಣನ ಮೇಲಿತ್ತು.

ಬಾಟಲಿಯನ್ನು ಅವನ ಮೂಗಿಗೆ ಹಿಡಿದೆ. “ಇದನ್ನ ಸತ್ಯವ್ವಗ ಚುಚ್ಚಿದಾವ ನೀನು.”

“ಹೌದ್ರಿ.”

“ಒಳಗ ಗಂಟ ಕಟ್ಟಿದ್ದು ಕಾಣಲಿಲ್ಲೇನು? ಕಣ್ಣೇನು ಸಂತ್ಯಾಗ ಮಾರಿ ಬಂದಿದ್ದೇನು?”

ಅವನ ಮುಖ ಬಿಳುಪೇರಿತು. “ಬಾಟಲಿ ಅಲ್ಲಾಡಿಸಿದೆ, ಏರಿಸಿದೆ, ಚುಚ್ಚಿದೆ. ಕಣ್ಣಿಟ್ಟು ನೋಡಲಿಲ್ಲ. ಅದು ನನ್ನ ತಪ್ಪು, ಒಪ್ಕೋತೇನಿ. ಖರೇ ಹೇಳ್ತೇನಿ, ಬೇಕಂತ ಮಾಡಲಿಲ್ಲ.”

“ಐಸಿನ ಖಾನ್ಯಾಗ ಇಟ್ಟಾವ ಯಾರು?”

“ಐಸಿನ ಖಾನಿ?” ಅವನು ಮೇಟ್ರನ್ ಕಡೆಗೂ ನನ್ನ ಕಡೆಗೂ ನೋಡಿದ. “ನಾ ಫ್ರಿಜ್ಜಿನ ಬಾಗಲಾ ತಗೀತಿದ್ದಿಲ್ರಿ. ಇಲ್ಲಿ ಪದ್ಧತಿನ ಹಂಗ. ಆಯಾ ಮದ್ದು ತಂದು ಹಾಸಗಿ ಬಾಜೂಕ ಕೊಡೂದು, ನಾ ಸೂಜಿ ಹಾಕೂದು. ಬಾಟಲಿ ನನ್ನ ಕೈಗೆ ಬರೂ ಹೊತ್ತಿಗೆ ಬೆಚ್ಚಗಿರ್ತಿತ್ತು. ತಣ್ಣನ್ನ ಸೂಜಿ ಮುದುಕಿಗೆ ಉರೀತೈತಿ ಅಂತ ಈ ತಂಗಿ ಸೆರಗಿನಾಗ ಸುತ್ತಿ ತರ್ತಿದ್ಲು.”

“ಸುಳ್ಳಾ!” ಫಕೀರವ್ವ ಕೋಲೆತ್ತಿದಳು. ದಸ್ತಗೀರ ಅಕ್ಕಿಯ ಮೊರ ಬಿಟ್ಟು ಓಡಿ ಬಂದು ಹಿಡಿದುಕೊಂಡ. “ಬಿಡೋ ದಸ್ತಗೀರ! ಇಂವನ ನಾಲಗಿ ಕೀಳತೇನಿ!”

“ಸುಳ್ಳೇನೈತೆವಾ ಇದರಾಗ?” ನಿಂಗಣ್ಣನಿಗೂ ರೇಗಿತು. “ತಂದು ಕೊಟ್ಟಾಕಿ ನೀನು. ಎಲ್ಲಿಂದ ತಗದೀ, ನೀನ ಹೇಳು. ನಿಮ್ಮವ್ವ ಸತ್ತಾಳ ಅಂತ ಸುಮ್ಮನದೇನಿ. ಇಷ್ಟ್ ದಿನಾ ನನ್ನ ಮಾರಿಗೆ ಉಗುಳಾಕತ್ತೀದಿ, ತಡಕೊಂಡೇನಿ. ಇವತ್ತ ಇವರ ಮುಂದ ಹೇಳು.”

ಹೇಳಿ, ಕುಂಟುತ್ತ ಹೊರಗೆ ನಡೆದ. ನಾನು ತಡೆಯಲಿಲ್ಲ. ಅಪರಾಧಿ ಹಾಗೆ ಬೆನ್ನು ತೋರಿಸಿ ಹೋಗುವುದಿಲ್ಲ ಎಂಬುದನ್ನು ಪೊಲೀಸ್ ನೌಕರಿಯಲ್ಲಿ ಕಲಿತಿದ್ದೆ.

“ತಂಗಿ, ನಿಮ್ಮವ್ವನ ಬಾಟಲಿ ಎಲ್ಲಿಂದ ತಗೀತಿದ್ದಿ?”

ಅವಳು ಮುಚ್ಚಿಡಲಿಲ್ಲ. ನಿಂಗಣ್ಣನ ಮೇಲಿನ ಸಿಟ್ಟಿನಲ್ಲಿ ಐಸಿನ ಮಾತು ಅವಳ ತಲೆಗೆ ಇಳಿದೇ ಇರಲಿಲ್ಲ; ಮುಚ್ಚಿಡುವಂಥದ್ದೇನಾದರೂ ಇದೆ ಎಂದೇ ಅವಳಿಗೆ ಗೊತ್ತಿರಲಿಲ್ಲ.

“ಮ್ಯಾಲಿನ ಖಾನ್ಯಾಗಿಂದ್ರಿ.”

ಮೇಟ್ರನ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು.

“ಮತ್ತೇನ್ ಮಾಡ್ಲಿ ಬಾಯಾರ? ಡಬ್ಬಿ ಬಾಜೂಕ ಮೀನಿನ ಪುಡಕಿ ಇಟ್ಟಿದ್ರು. ಅದರ ನೀರು ಸೋರಿ ಡಬ್ಬಿತನಕಾ ಹರಿದಿತ್ತು. ನಮ್ಮವ್ವ ಲಿಂಗಾ ಕಟ್ಟಿದಾಕಿ, ಅದರಾಗ ಶ್ರಾವಣಮಾಸ. ಮೀನಿನ ನೀರು ಹತ್ತಿದ ಮದ್ದು ಆಕಿ ಮೈಯಾಗ ಹ್ಯಾಂಗ ಹೋಗಬೇಕು? ಗೊತ್ತಾದ್ರ ಆಕಿ ಸೂಜಿನ ಬ್ಯಾಡ ಅಂತಿದ್ಲು. ಉಳಿದಾವ್ರು ಮೀನ ತಿನ್ನೋ ಮಂದಿ, ಅವ್ರದ್ದು ಅಲ್ಲೇ ಬಿಟ್ಟೆ. ನಮ್ಮವ್ವಂದೊಂದು ತಗದು ಒರಸಿ ಮ್ಯಾಲ ಇಟ್ಟೆ. ಮ್ಯಾಲಿನ ಖಾನಿ ಚೊಕ್ಕ ಇತ್ತು, ಐಸು ಬಿಟ್ರ ಏನೂ ಇರಲಿಲ್ಲ. ಮದ್ದು ತಣ್ಣಗಿರಬೇಕು ಅಂತ ನೀವ ಹೇಳಿದ್ರಿ. ಅಲ್ಲಿ ಇನ್ನೂ ತಣ್ಣಗಿರ್ತೈತಲ್ಲ ಅಂತ...”

ಮಾತು ಅಲ್ಲಿಗೇ ನಿಂತಿತು. ಅವಳ ಕಣ್ಣು ಮೇಟ್ರನ್ ಕೈಯ ಎರಡು ಬಾಟಲಿಗಳ ಮೇಲೆ ಹೋಯಿತು. ಆಮೇಲೆ ಐಸಿನ ಖಾನೆಯ ಮೇಲೆ. ಊರುಗೋಲು ಅವಳ ಕೈಯಿಂದ ಜಾರಿ ನೆಲಕ್ಕೆ ಬಿತ್ತು.

“ಅಂದ್ರ ನಾನ?” ಎಂದಳು. “ಅಣ್ಣಾರ, ನಾನ ಏನು?”

ಕೊಲೆಗಾರರಿಗೆ ಕೋಳ ತೊಡಿಸಿದ್ದೇನೆ, ಕಳ್ಳರಿಗೆ ಕಪಾಳಕ್ಕೆ ಬಿಗಿದಿದ್ದೇನೆ. ಇಲ್ಲಿ ಬಗ್ಗಿ ಆ ಕೋಲನ್ನು ಎತ್ತಿ ಗೋಡೆಗೆ ಆನಿಸಿದೆ, ಅಷ್ಟೆ.

“ನನ್ನ ತಪ್ಪು,” ಮೇಟ್ರನ್ ಸ್ಟೂಲಿನ ಮೇಲೆ ಕುಸಿದರು. “ತಣ್ಣಗೆ ಇಡು ಅಂತ ಹೇಳಿದೆ. ಎಷ್ಟು ತಣ್ಣಗೆ ಅಂತ ಹೇಳಲಿಲ್ಲ. ಕೀಲಿ ನನ್ನ ಸೊಂಟದಲ್ಲಿದ್ದಾಗ ಯಾರಿಗೂ ಕಲಿಸುವ ಅಗತ್ಯ ಬೀಳಲಿಲ್ಲ.”

“ಇಬ್ಬರೂ ಸ್ವಲ್ಪ ಸುಮ್ಮನಿರ್ರಿ,” ಅಂದೆ. ನನ್ನ ಪಿತ್ತ ನೆತ್ತಿಗೇರತೊಡಗಿತ್ತು. “ದಸ್ತಗೀರ, ಶ್ರಾವಣದಾಗ ಇಲ್ಲಿ ಮೀನ ಮಾಡ್ತೀಯೇನು?”

“ಇಲ್ಲ ಸಾಹೇಬ್ರ. ಮುದುಕ್ರಾಗ ಹಿಂದೂ ಮಂದಿನ ಜಾಸ್ತಿ. ಗೋವಾದ ಹಿಂದೂಗಳು ಬಹಾದ್ದೂರರು, ಮೀನ ಬಿಟ್ಟು ಒಂದಿನ ಇರಂಗಿಲ್ಲ, ಆದ್ರ ಶ್ರಾವಣ ಬಂತಂದ್ರ ಬಾಯಿ ಕಟ್ಟತಾರ. ಅದಕ್ಕ ಈ ತಿಂಗಳು ಒಲಿ ಮ್ಯಾಲ ಮೀನಿನ ಗಡಿಗಿನ ಏರಿಸಂಗಿಲ್ಲ.”

“ಹಂಗಾರ ಬೇಯಿಸದ ಮೀನು ಫ್ರಿಜ್ಜಿನಾಗ ಯಾಕ ಬಂತು?”

ದಸ್ತಗೀರ ತಲೆ ಕೆರೆದುಕೊಂಡ. “ನನಗೂ ತಿಳೀಲಿಲ್ರಿ. ಮುಂಜಾನಿ ಪಾಂಡಪ್ಪಣ್ಣ ಟೆಂಪೋದಾಗ ತಂದು ತಾನ ಒಳಗ ಇಡ್ತಿದ್ದ. ಮ್ಯಾಟ್ರನ್ ಬಾಯಾರಿಗೆ ಕೊಡಲಿಕ್ಕೆ ಅಂತಿದ್ದ. ಬಾಯಾರು ಅದನ್ನ ಮುಟ್ಟಲೇ ಇಲ್ಲ. ನಾತ ಹತ್ತಿದ್ದು ಒಗದು ಮತ್ತ ಹೊಸಾದು ತರ್ತಿದ್ದ.”

“ನನಗೆ ಮೀನು?” ಮೇಟ್ರನ್ ಎದ್ದು ನಿಂತರು. “ದೇವರಾಣೆ, ಯಾರೂ ನನಗೆ ಮೀನು ಕೊಟ್ಟಿಲ್ಲ, ಹೇಳಿಯೂ ಇಲ್ಲ.”

“ಎಂದಿಂದ ತರೂದು ನಿಲ್ಲಿಸಿದಾ?”

“ಸತ್ಯವ್ವ ತೀರ್ಕೊಂಡ ದಿನದಿಂದ್ರಿ. ಆ ಮ್ಯಾಲ ಒಂದು ಬಾಲಾನೂ ಬರಲಿಲ್ಲ.”

ಕೊರಳಲ್ಲಿ ಲಿಂಗ ಕಟ್ಟಿದವನು ಶ್ರಾವಣದಲ್ಲಿ ದಿನಾ ಮೀನಿನ ಪೊಟ್ಟಣ ಹಿಡಿದು ಬರುತ್ತಾನೆ. ತಿನ್ನುವುದಿಲ್ಲ, ಮಾರುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಔಷಧದ ಡಬ್ಬಿಯ ಪಕ್ಕದಲ್ಲಿ ಇಟ್ಟು ಹೋಗುತ್ತಾನೆ. ಗೋವಾದವರಿಗೆ ಈ ಉಪಾಯ ಹೊಳೆಯುತ್ತಲೇ ಇರಲಿಲ್ಲ. ಮೀನು ಕಂಡರೆ ಫಕೀರವ್ವ ತಾಯಿಯ ಮದ್ದನ್ನು ಅಲ್ಲಿ ಬಿಡುವುದಿಲ್ಲ ಎಂಬುದು ಅವಳ ಊರಿನವನಿಗೆ, ಅವಳ ಓಣಿಯವನಿಗೆ, ಅವಳ ಮನೆಯ ರೊಟ್ಟಿ ತಿಂದವನಿಗೆ ಮಾತ್ರ ಗೊತ್ತಿರಲು ಸಾಧ್ಯ.

“ತಂಗಿ, ಮ್ಯಾಲಿನ ಖಾನ್ಯಾಗ ಇಡು ಅಂತ ನಿನಗ ಯಾರಾರ ಹೇಳಿದ್ರೇನು?”

ಫಕೀರವ್ವ ನೆಲದ ಮೇಲೆ ಕುಳಿತಿದ್ದಳು. ತಲೆ ಎತ್ತದೆ ಉತ್ತರ ಕೊಟ್ಟಳು.

“ಮೀನಿನ ವಾಸನಿಗೆ ನಾ ಮಾರಿ ಸಿಂಡರಿಸ್ಕೊಂಡು ನಿಂತಾಗ ಪಾಂಡಪ್ಪ ಮಾವಾರು ಇಲ್ಲೇ ಇದ್ರು. ‘ಯಾಕ ಚಿಂತಿ ಮಾಡ್ತಿ ಮಗಳ? ಮ್ಯಾಲ ಚೊಕ್ಕ ಐತಿ, ಅಲ್ಲಿಡು, ಮದ್ದು ಇನ್ನೂ ಚಲೋ ಬಾಳತೈತಿ’ ಅಂದ್ರು.”

ಹೆಸರು ಸಿಕ್ಕಿತು. ಇಷ್ಟು ದಿನ ನಾನು ಕಂತ್ರಾಟದಾರನ ಬಾಗಿಲಲ್ಲಿ ಹುಡುಕುತ್ತಿದ್ದ ಹೆಸರು, ಸತ್ಯವ್ವನ ಹೆಣದ ಮುಂದೆ ಎದೆ ಬಡಿದುಕೊಂಡು ಅತ್ತಿತ್ತು. ಕೆಪೆಯಲ್ಲಿ ಹಸಿ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚಿಸಿದ ಮುಕಾದಮ ಯಾರು ಎಂದು ಈಗ ಯಾರೂ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಸತ್ಯವ್ವ ಕೋರ್ಟಿನಲ್ಲಿ ತೋರಿಸಬೇಕೆಂದಿದ್ದ ಬೆರಳು ಅವನ ಕಡೆಗೇ ಇತ್ತು. ಅವಳ ಬಾಯಿ ಮುಚ್ಚಲು ಅವನು ಅವಳ ಮಗಳ ಭಕ್ತಿಯನ್ನೇ ಬಳಸಿಕೊಂಡ. ಆ ನಾಯಿಗೆ ಹುಟ್ಟಿದವನ ವಿಭೂತಿಯನ್ನು ಚಪ್ಪಲಿಯಿಂದ ಒರೆಸಬೇಕೆನ್ನಿಸಿತು ನನಗೆ.

“ಎದ್ದೇಳವಾ,” ಅಂದೆ. “ನಿಮ್ಮವ್ವನ್ನ ನೀ ಕೊಂದಿಲ್ಲ. ನಿನ್ನ ಕೈ ಹಿಡದು ಅಂವ ಕೊಂದಾನ. ಅಂವನ್ನ ನಾ ಬಿಡೂದಿಲ್ಲ. ಕಂಬಿ ಎಣಿಸೂವಂಗ ಮಾಡ್ತೇನಿ.”

ಕೋಲಿಗಾಗಿ ಕೈ ಚಾಚುತ್ತಾಳೆ ಅಂದುಕೊಂಡೆ. ಅವಳು ಕೋಲಿನ ಕಡೆಗೆ ನೋಡಲೂ ಇಲ್ಲ.

“ಹಂಗಾರ ನಿಂಗಣ್ಣ?”

“ನಿಂಗಣ್ಣ ಕಣ್ಣಿಟ್ಟು ನೋಡಲಿಲ್ಲ, ಅಷ್ಟ. ಕೊಲ್ಲೂ ಮನಸು ಅಂವಗ ಇರಲಿಲ್ಲ. ಕಂತ್ರಾಟದಾರನ ಮಂದಿ ಕೂಡ ಚಾ ಕುಡದಾನ ಅಂತ ನಿನ್ನ ಕಿವಿ ಕಚ್ಚಿದಾವನೂ ಪಾಂಡಪ್ಪನ. ತನ್ನ ಮ್ಯಾಲ ಕಣ್ಣು ಬೀಳಬಾರ್ದಂತ.”

“ಖರೇ ಹೇಳಾಕತ್ತೀರೇನು ಅಣ್ಣಾರ?”

“ಖರೇನ.”

ಅವಳು ಎದ್ದಳು. ಸೀದಾ ಹಿಂದಿನ ಬಚ್ಚಲಮನೆಗೆ ಹೋದಳು. ಮುದುಕರಿಗೆ ಸ್ನಾನದ ನೀರು ಕಾಯಿಸುವ ಹಂಡೆ ಅಲ್ಲಿ ಸದಾ ಉರಿಯ ಮೇಲಿರುತ್ತಿತ್ತು. ನಾನು ಬಾಗಿಲವರೆಗೆ ಹೋಗಿ ನಿಂತೆ. ಅವಳು ಹಂಡೆಯ ಹಿಂದಿನ ಕಟ್ಟೆಗೆ ಕೈ ಹಾಕಿ, ಬಟ್ಟೆಯಲ್ಲಿ ಸುತ್ತಿದ ಏನನ್ನೋ ತೆಗೆದು ತಂದು ನನ್ನ ಅಂಗೈಯಲ್ಲಿ ಇಟ್ಟಳು.

ಪುಟ್ಟ ಗಾಜಿನ ಬಾಟಲಿ. ಮುಟ್ಟಲಾಗದಷ್ಟು ಬಿಸಿಯಾಗಿತ್ತು.

“ಏನಿದು?”

“ಕಾವಿಗೆ ಕೆಟ್ಟ ಮದ್ದು ಕೊಟ್ಟು ನಮ್ಮವ್ವನ್ನ ಕೊಂದಾರ ಅಂತ ಡಾಕ್ಟರು ಅಂದ್ರಲ್ರಿ,” ಎಂದಳು ಫಕೀರವ್ವ. ಅವಳ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. “ನಿಂಗಣ್ಣಗ ನಾಯಿ ಕಚ್ಚಿದಾಗ ದೇವರ ನನಗ ದಾರಿ ತೋರ್ಸಿದ ಅನ್ಕೊಂಡೆ. ದಿನಾ ಮುಂಜಾನಿ ಅವನ ಬಾಟಲಿ ತಗದು ಇಲ್ಲಿ ಇಡ್ತಿದ್ದೆ. ಕುದಿ ಕುದಿ ಆದಮ್ಯಾಲ ತಣ್ಣೀರಾಗ ಅದ್ದಿ, ಬಾಯಾರು ಬರೂದ್ರಾಗ ತಿರುಗಿ ಫ್ರಿಜ್ಜಿನಾಗ ಇಡ್ತಿದ್ದೆ. ಮೊದಲ್ನೇ ದಿನದಿಂದ ರೀ. ಒಂದೂ ಬಿಟ್ಟಿಲ್ಲ.”

ಮೇಟ್ರನ್ ಬಾಯಿಗೆ ಕೈ ಒತ್ತಿಕೊಂಡರು. ಈವರೆಗಿನ ಹದಿಮೂರು ಸೂಜಿಗಳನ್ನು ಹಾಕಿದ ಕೈ ಅದೇ. ಹುಚ್ಚುನಾಯಿ ಕಡಿತಕ್ಕೆ ರೋಗ ಏರುವ ಮೊದಲು ಮದ್ದು ಬೀಳಬೇಕು, ಏರಿದ ಮೇಲೆ ಜಗತ್ತಿನ ಯಾವ ಡಾಕ್ಟರೂ ಉಳಿಸಲಾರ. ಅಷ್ಟು ನನಗೂ ಗೊತ್ತಿತ್ತು.

ಅಷ್ಟರಲ್ಲಿ ಹಜಾರದ ಕಡೆಯಿಂದ ಕುಂಟು ಹೆಜ್ಜೆಯ ಸದ್ದು ಬಂತು. ನಿಂಗಣ್ಣ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತ. ಸಿಟ್ಟು ಇಳಿದು ಮುಖದಲ್ಲಿ ನಗೆ ಮೂಡಿತ್ತು.

“ಬಾಯಾರ, ಇವತ್ತಿಂದು ಕಡೇದಲ್ರಿ? ಲಗೂನ ಹಾಕಿಬಿಡ್ರಿ. ಮುಂಜಾನಿಂದ ಯಾಕೋ ನೀರು ಕಂಡ್ರ ಗಂಟಲಾ ಬಿಗಿಯಾಕತ್ತೈತಿ.”